ನಿಮ್ಮ ಒಂದು ಗಂಟೆಗೆ ಎಷ್ಟು? ಸ್ವಂತವಾಗಿ ದುಡಿಯುವ ಚಿತ್ರಕಾರರು, ಡಿಸೈನರ್‌ಗಳಿಗೆ ಲೆಕ್ಕದ ದಾರಿ

"ಮೇಡಂ, ಒಂದು ಪುಸ್ತಕದ ಮುಖಪುಟಕ್ಕೆ ಎಷ್ಟು ಕೇಳಬಹುದು?" ವಾರಕ್ಕೆ ಒಂದಾದರೂ ಇಂಥ ಮೆಸೇಜ್ ಬರುತ್ತದೆ. ಕೇಳುವವರಲ್ಲಿ ಚಿತ್ರ ಬಿಡಿಸುವವರಿದ್ದಾರೆ, ಲೋಗೊ ಮಾಡುವವರಿದ್ದಾರೆ, ಮದುವೆ ಕಾರ್ಡ್ ಡಿಸೈನ್ ಮಾಡುವವರು, ಸಬ್‌ಟೈಟಲ್ ಬರೆಯುವವರು, ಅನುವಾದ ಮಾಡುವವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಪೂರ್ತಿ ಲೆಕ್ಕವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮುಖಪುಟಕ್ಕೆ ಇಷ್ಟು, ಲೋಗೊಗೆ ಇಷ್ಟು ಅನ್ನುವ ರೇಟ್ ಪಟ್ಟಿ ಇಲ್ಲಿ ಸಿಗುವುದಿಲ್ಲ. ಕೊಟ್ಟರೆ ಅದು ನನ್ನ ಮನೆ ಬಾಡಿಗೆಗೆ, ನನ್ನ ಕೈವೇಗಕ್ಕೆ ಹೊಂದುವ ಪಟ್ಟಿ ಆಗುತ್ತದೆ. ಶಿರಸಿಯಲ್ಲಿ ಸ್ವಂತ ಮನೆಯಲ್ಲಿ ಕೂತು ಕೆಲಸ ಮಾಡುವವರಿಗೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳ ಫೀಸು ಕಟ್ಟುವವರಿಗೂ ಒಂದೇ ರೇಟ್ ಹೇಗೆ ಹೊಂದುತ್ತದೆ? ನಿಮ್ಮ ಒಂದು ಗಂಟೆಗೆ ಕನಿಷ್ಠ ಎಷ್ಟು ಬರಲೇಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳುವ ದಾರಿಯನ್ನು ಹೇಳುತ್ತೇನೆ. ಆ ಒಂದು ಅಂಕಿ ಗೊತ್ತಾದರೆ ಫೋನಿನಲ್ಲಿ ರೇಟ್ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ.

ಇದಕ್ಕೆ ಬೇಕಾದ್ದು ಇಷ್ಟೇ: ಒಂದು ನೋಟ್‌ಬುಕ್, ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಗೋಡೆಯ ಕ್ಯಾಲೆಂಡರ್, ಫೋನಿನ ಕ್ಯಾಲ್ಕುಲೇಟರ್. ಭಾನುವಾರ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

1. ಸಂಬಳದ ಭಾಗಾಕಾರ ಬಿಟ್ಟುಬಿಡಿ

ಹೆಚ್ಚಿನವರು ಹೀಗೆ ಲೆಕ್ಕ ಹಾಕುತ್ತಾರೆ. "ಕೆಲಸಕ್ಕೆ ಹೋಗಿದ್ದರೆ ತಿಂಗಳಿಗೆ 35,000 ಬರುತ್ತಿತ್ತು. 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆ. ಹಾಗಾದರೆ ಗಂಟೆಗೆ 168 ರೂಪಾಯಿ. ಸುಮ್ನೆ 200 ಅಂತ ಹೇಳೋಣ."

ಇಲ್ಲೇ ತಪ್ಪು ಶುರುವಾಗುತ್ತದೆ. ಸಂಬಳ ಕೊಡುವವರು ಸಂಬಳವನ್ನು ಮಾತ್ರ ಕೊಡುವುದಿಲ್ಲ. ಕಂಪ್ಯೂಟರ್, ಕುರ್ಚಿ, ಕರೆಂಟು ಅವರದು. ಪಿಎಫ್‌ಗೆ ಅವರ ಪಾಲು ಬೇರೆ. ಜ್ವರ ಬಂದು ನಾಲ್ಕು ದಿನ ಮಲಗಿದರೂ ಸಂಬಳ ಬರುತ್ತದೆ, ಮೀಟಿಂಗಿನಲ್ಲಿ ಕೂತ ಗಂಟೆಗೂ ಬರುತ್ತದೆ, ಕೆಲಸವೇ ಇಲ್ಲದೆ ಕೂತ ಗಂಟೆಗೂ ಬರುತ್ತದೆ. ನಮಗೆ ಇವೆಲ್ಲ ನಮ್ಮದೇ ಜೇಬಿನ ಖರ್ಚು. ಅದಕ್ಕೇ ಲೆಕ್ಕವನ್ನು ಖರ್ಚಿನ ಕಡೆಯಿಂದ ಶುರು ಮಾಡಬೇಕು.

2. ಒಂದು ವರ್ಷದ ಖರ್ಚು ಬರೆಯಿರಿ

ತಿಂಗಳ ಲೆಕ್ಕ ಬೇಡ, ವರ್ಷದ್ದು ಬೇಕು. ಶಾಲೆಯ ಫೀಸು ಜೂನ್‌ನಲ್ಲಿ, ಬಟ್ಟೆಬರೆ ಹಬ್ಬಕ್ಕೆ, ಗಾಡಿಯ ಇನ್ಶೂರೆನ್ಸ್ ಇನ್ಯಾವಾಗಲೋ. ತಿಂಗಳ ಪಟ್ಟಿಯಲ್ಲಿ ಇವು ಸಿಕ್ಕಿಬೀಳುವುದಿಲ್ಲ. ಮೂರು ಕಂತೆ ಮಾಡಿಕೊಳ್ಳಿ: ಮನೆಯದು, ಕೆಲಸದ್ದು, ಮುಂದಿನ ದಿನಗಳದ್ದು.

ಲೆಕ್ಕ ಅರ್ಥವಾಗಲಿ ಅಂತ ಒಂದು ಮಾದರಿ ಇಟ್ಟುಕೊಳ್ಳೋಣ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಒಬ್ಬ ಚಿತ್ರಕಾರ್ತಿ ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ.

ಮನೆ: ಬಾಡಿಗೆ, ದಿನಸಿ, ಗ್ಯಾಸ್, ಹಾಲು, ಫೀಸು, ಔಷಧಿ, ಹಬ್ಬ, ಊರಿಗೆ ಹೋಗಿಬರುವುದು, ಎಲ್ಲ ಸೇರಿ ತಿಂಗಳಿಗೆ 35,000. ವರ್ಷಕ್ಕೆ 4,20,000.

ಕೆಲಸ: ಇಲ್ಲಿ ಎಲ್ಲರೂ ಮರೆಯುವುದು ಸವಕಳಿಯನ್ನು. ಸವಕಳಿ ಅಂದರೆ ಕೊಂಡ ಸಾಮಾನು ವರ್ಷ ವರ್ಷ ಸವೆದು ಬೆಲೆ ಕಳೆದುಕೊಳ್ಳುವುದು. 90,000 ಕೊಟ್ಟು ಕೊಂಡ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 22,500. 30,000ದ ಡ್ರಾಯಿಂಗ್ ಟ್ಯಾಬ್ಲೆಟ್‌ಗೆ ಅದೇ ರೀತಿ 7,500. ಸಾಫ್ಟ್‌ವೇರ್ ಚಂದಾ 30,000. ಇಂಟರ್ನೆಟ್, ಫೋನ್ 15,000. ಕರೆಂಟು, ಯುಪಿಎಸ್ ಬ್ಯಾಟರಿ 6,000. ಪ್ರಿಂಟ್ ತೆಗೆಸುವುದು, ಪ್ರೆಸ್‌ಗೆ ಓಡಾಟ 15,000. ಆಡಿಟರ್ ಫೀಸು 6,000. ಆರೋಗ್ಯ ವಿಮೆ 18,000. ಒಟ್ಟು 1,20,000. ಆರೋಗ್ಯ ವಿಮೆ ಕೆಲಸದ ಖರ್ಚು ಹೇಗಾಗುತ್ತದೆ ಅಂತ ಕೇಳಬಹುದು. ಕೈಬೆರಳು, ಕಣ್ಣು, ಬೆನ್ನು ಇವೇ ನಮ್ಮ ಯಂತ್ರಗಳು, ಅದಕ್ಕೇ ನಾನು ಇಲ್ಲಿ ಬರೆಯುತ್ತೇನೆ.

ಮುಂದಿನ ದಿನಗಳು: ನಮಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಪಿಪಿಎಫ್‌ಗೋ ಆರ್‌ಡಿಗೋ ತಿಂಗಳಿಗೆ 5,000, ಕೆಲಸ ಬಾರದ ತಿಂಗಳಿಗೆ ಅಂತ ಇನ್ನೊಂದು 5,000. ವರ್ಷಕ್ಕೆ 1,20,000. ಈ ಎರಡನೇ ಐದು ಸಾವಿರವನ್ನು ದಯವಿಟ್ಟು ಕೈಬಿಡಬೇಡಿ. ನಮ್ಮ ಕೆಲಸಕ್ಕೂ ಋತುಗಳಿವೆ. ದೀಪಾವಳಿ ವಿಶೇಷಾಂಕದ ಚಿತ್ರಗಳು, ರಾಜ್ಯೋತ್ಸವದ ಪೋಸ್ಟರ್‌ಗಳು, ಹೊಸ ವರ್ಷದ ಕ್ಯಾಲೆಂಡರ್ ಒಟ್ಟೊಟ್ಟಿಗೆ ಮೈಮೇಲೆ ಬೀಳುತ್ತವೆ. ಆಷಾಢದಲ್ಲಿ ಮದುವೆ ಕಾರ್ಡಿನ ಫೋನ್ ಒಂದೂ ಬರುವುದಿಲ್ಲ. ಆಷಾಢದ ಬಾಡಿಗೆಯನ್ನು ವೈಶಾಖದಲ್ಲೇ ದುಡಿದಿರಬೇಕು.

ಮೂರೂ ಸೇರಿ 6,60,000. ಇದರ ಮೇಲೆ ನೂರಕ್ಕೆ ಹತ್ತು ಸೇರಿಸಿ. ಹೊಸದೇನಾದರೂ ಕಲಿಯಲು, ಯಾರೋ ದುಡ್ಡು ಕೊಡದೆ ಹೋದರೆ ತಡೆದುಕೊಳ್ಳಲು ಇದು ಬೇಕು. ಒಟ್ಟು 7,26,000.

3. ಮಾರಲು ಸಿಗುವ ಗಂಟೆಗಳನ್ನು ಎಣಿಸಿ

ಈಗ ಕ್ಯಾಲೆಂಡರ್ ಹಿಡಿದುಕೊಳ್ಳಿ. 365 ದಿನದಲ್ಲಿ 52 ಭಾನುವಾರ ಹೋಯಿತು. ಯುಗಾದಿಯಿಂದ ಸಂಕ್ರಾಂತಿವರೆಗಿನ ಹಬ್ಬಗಳಿಗೆ 14 ದಿನ. ಮದುವೆ, ಗೃಹಪ್ರವೇಶ, ತಿಥಿ ಅಂತ 10 ದಿನ. ಮೈ ಸರಿಯಿಲ್ಲದ್ದು, ಮಕ್ಕಳ ಮೈ ಸರಿಯಿಲ್ಲದ್ದು 9 ದಿನ. ಉಳಿದದ್ದು 280 ದಿನ.

ದಿನಕ್ಕೆ 8 ಗಂಟೆ ಅಂತ ಗುಣಿಸಬೇಡಿ. 8 ಗಂಟೆ ಮೇಜಿನ ಮುಂದೆ ಕೂತರೂ ಬಿಲ್ ಮಾಡಲು ಸಿಗುವ ಗಂಟೆಗಳು ಅಷ್ಟಿರುವುದಿಲ್ಲ. ಬರದೇ ಹೋದ ಕೆಲಸಕ್ಕೆ ಮಾಡಿದ ಫೋನು, ಕೊಟೇಶನ್ ಬರೆಯುವುದು, ಹಳೇ ಬಿಲ್ ಬೆನ್ನಟ್ಟುವುದು, ಬ್ಯಾಂಕಿಗೆ ಹೋಗುವುದು, ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್, ಹೊಸ ಬ್ರಷ್ ಹೊಂದಿಸಿ ನೋಡುವುದು, ಇನ್‌ಸ್ಟಾಗ್ರಾಮ್‌ಗೆ ಚಿತ್ರ ಹಾಕುವುದು. ಇವೆಲ್ಲ ಕೆಲಸವೇ. ಆದರೆ ಇವಕ್ಕೆ ನೇರವಾಗಿ ದುಡ್ಡು ಕೊಡುವವರು ಯಾರೂ ಇಲ್ಲ. ದಿನಕ್ಕೆ 4 ಗಂಟೆ ಮಾರಲು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಅದೇ ಒಳ್ಳೆಯ ದಿನ. 280 ದಿನಕ್ಕೆ 1,120 ಗಂಟೆ.

ಭಾಗಿಸಿ. 7,26,000 ÷ 1,120 = 648. ಪೂರ್ತಿ ಮಾಡಿದರೆ 650 ರೂಪಾಯಿ.

168 ಎಲ್ಲಿ, 650 ಎಲ್ಲಿ! ಈ ಅಂಕಿ ಮೊದಲ ಸಲ ನೋಡಿದವರು ಬಹಳ ಸಲ ಹೆದರುತ್ತಾರೆ, "ಇಷ್ಟು ಯಾರು ಕೊಡ್ತಾರೆ" ಅನ್ನುತ್ತಾರೆ. ನಿಧಾನಕ್ಕೆ ನೋಡಿ. ಇದರಲ್ಲಿ ಐಷಾರಾಮಿ ಏನೂ ಇಲ್ಲ. ತಿಂಗಳಿಗೆ 35,000ದ ಮನೆ ನಡೆಸಲು, ಸಾಲ ಮಾಡದೆ ಲ್ಯಾಪ್‌ಟಾಪ್ ಬದಲಾಯಿಸಲು ಬೇಕಾದಷ್ಟೇ ಇದೆ. ಇದನ್ನು ತಳದ ಬೆಲೆ ಅಂತ ಕರೆಯೋಣ. ಇದಕ್ಕಿಂತ ಕೆಳಗೆ ಮಾಡಿದ ಪ್ರತಿ ಗಂಟೆಯ ಕೊರತೆಯನ್ನು ನಿಮ್ಮ ಮನೆಯವರು ತುಂಬುತ್ತಿರುತ್ತಾರೆ, ಇಲ್ಲವೇ ನಿಮ್ಮ ನಿದ್ದೆ ತುಂಬುತ್ತಿರುತ್ತದೆ.

ಹೊಸಬರಿಗೆ ಒಂದು ಎಚ್ಚರಿಕೆ. ಕೆಲಸ ಕಡಿಮೆ ಇದ್ದು ದಿನಕ್ಕೆ 3 ಗಂಟೆ ಮಾತ್ರ ಮಾರಲು ಸಿಕ್ಕರೆ ಇದೇ ಲೆಕ್ಕ 864 ರೂಪಾಯಿಗೆ ಏರುತ್ತದೆ. ಹಾಗಂತ ಶುರುವಿನಲ್ಲೇ ಅಷ್ಟು ಕೇಳಿದರೆ ಕೆಲಸ ಇನ್ನೂ ಕಡಿಮೆಯಾಗಬಹುದು. ಆ ಸಮಯಕ್ಕೆ ವಾರಾಂತ್ಯದ ಚಿತ್ರಕಲಾ ತರಗತಿಯಂಥ ಇನ್ನೊಂದು ಆದಾಯ ಬೇಕು ಅಂತ ಅರ್ಥ ಮಾಡಿಕೊಳ್ಳಿ.

4. ಮೂರು ವಾರ ಗಂಟೆ ಬರೆದಿಡಿ

ಗಂಟೆಯ ಬೆಲೆ ಸಿಕ್ಕಿತು. ಒಂದು ಕೆಲಸಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ಅದರಿಂದ ಉಪಯೋಗವಿಲ್ಲ. ಸೃಜನಶೀಲ ಕೆಲಸದಲ್ಲಿ ಮೈಮರೆಯುತ್ತೇವೆ. ಮೂರು ಗಂಟೆ ಕಳೆದರೂ ಒಂದು ಗಂಟೆ ಅನ್ನಿಸುತ್ತದೆ.

ಒಮ್ಮೆ ನಾನು ಒಂದು ಸಂಸ್ಥೆಗೆ ಹನ್ನೆರಡು ಚಿತ್ರದ ಕ್ಯಾಲೆಂಡರ್ ಮಾಡಿಕೊಟ್ಟೆ. 30,000 ಒಪ್ಪಿಕೊಂಡಿದ್ದೆ. ಹೆಚ್ಚೆಂದರೆ 60 ಗಂಟೆ ಅಂದುಕೊಂಡಿದ್ದೆ. ಅದೇ ಮೊದಲ ಸಲ ನೋಟ್‌ಬುಕ್ಕಿನಲ್ಲಿ ಗಂಟೆ ಬರೆದದ್ದು. ಕೊನೆಗೆ ಕೂಡಿಸಿದಾಗ 104 ಬಂತು. ಗಂಟೆಗೆ 288 ರೂಪಾಯಿ. ಆ ಪುಟ ಇನ್ನೂ ಇಟ್ಟುಕೊಂಡಿದ್ದೇನೆ: "ಮಾರ್ಚ್ ಚಿತ್ರ, ಬಣ್ಣ ಮತ್ತೆ ಬದಲು, 3 ಗಂಟೆ" ಅಂತ ಒಂದೇ ಚಿತ್ರದ ಕೆಳಗೆ ನಾಲ್ಕು ಸಲ ಬರೆದಿದ್ದೇನೆ.

ಹಾಗಾಗಿ ಮೂರು ವಾರ, ಯಾವ ಕೆಲಸವಾದರೂ ಸರಿ, ಕೂತ ಹೊತ್ತು, ಎದ್ದ ಹೊತ್ತು, ಏನು ಮಾಡಿದಿರಿ ಅನ್ನುವುದನ್ನು ಬರೆಯಿರಿ. ಆ್ಯಪ್‌ಗಳಿವೆ. ನನಗೆ ಪೆನ್ನೇ ಸುಲಭ. ಊಟ, ಟೀ ಬಿಟ್ಟು ಬರೆಯಿರಿ. ಯೋಚನೆ ಮಾಡುತ್ತಾ ಕೂತದ್ದನ್ನು ಬಿಡಬೇಡಿ, ಅದು ಕೆಲಸದ ಗಂಟೆ. ಗಿರಾಕಿಯ ಜೊತೆ ಅದೇ ಕೆಲಸದ ಬಗ್ಗೆ ಮಾತಾಡಿದ ಫೋನೂ ಆ ಕೆಲಸದ ಲೆಕ್ಕಕ್ಕೇ ಸೇರಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ಸಮಯ ಹೋಗುತ್ತದೆ, ಅದನ್ನು ಬೇರೆಯಾಗಿಯೇ ಬರೆದಿಡಿ. ಪಠ್ಯ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಆಗಿ ಬರುತ್ತದೆ, ಅದನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಬೇಕು. ಬದಲಾಯಿಸಿದಾಗ ಎಲ್ಲೋ ಒಂದು ಒತ್ತು ಹಾರಿಹೋಗುತ್ತದೆ, ಇನ್ನೆಲ್ಲೋ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕೂತು ಅಕ್ಷರ ಅಕ್ಷರ ನೋಡಬೇಕು. ಇಂಗ್ಲಿಷಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ನಮಗೆ ಅರ್ಧ ದಿನ ಹಿಡಿಯುತ್ತದೆ, ಆ ಅರ್ಧ ದಿನವನ್ನು ಬಿಲ್ಲಿನಲ್ಲಿ ಕಾಣಿಸಿದವರು ನನಗೆ ಗೊತ್ತಿರುವವರಲ್ಲಿ ತೀರ ಕಡಿಮೆ.

5. ಗಂಟೆಯಿಂದ ಕೆಲಸದ ಬೆಲೆಗೆ ಬನ್ನಿ

ಒಂದು ಮುಖಪುಟ ಬಿಡಿಸಿ ನೋಡೋಣ. ಇದು ನನ್ನ ನೋಟ್‌ಬುಕ್ಕಿನ ಲೆಕ್ಕ.

ಮಾತುಕತೆ 2 ಗಂಟೆ. ಹಸ್ತಪ್ರತಿ ಓದಲು 4. ಮೂರು ಕರಡು ಸ್ಕೆಚ್ 4. ಅಂತಿಮ ಚಿತ್ರ 8. ಶೀರ್ಷಿಕೆಯ ಅಕ್ಷರ ಬರೆಯಲು 3. ಬೆನ್ನುಡಿ ಮತ್ತು ಸ್ಪೈನ್ 2. ಎರಡು ಸಲದ ಕರೆಕ್ಷನ್ 2. ಪ್ರೆಸ್‌ಗೆ ಫೈಲ್ ಸಿದ್ಧ ಮಾಡಲು 1. ಒಟ್ಟು 26 ಗಂಟೆ. 650ರಿಂದ ಗುಣಿಸಿದರೆ 16,900.

ಸ್ಪೈನ್ ಅಂದರೆ ಪುಸ್ತಕ ಕಪಾಟಿನಲ್ಲಿ ನಿಂತಾಗ ಕಾಣುವ ಪಟ್ಟಿ. ಅದಕ್ಕೆ ಎರಡು ಗಂಟೆ ಯಾಕೆ ಅಂದರೆ, ಕೊನೇ ಗಳಿಗೆಯಲ್ಲಿ ಮುನ್ನುಡಿ ಬರುತ್ತದೆ. ಎಂಟು ಪುಟ ಜಾಸ್ತಿಯಾಗುತ್ತದೆ, ಇಲ್ಲವೇ ಕಾಗದದ ದಪ್ಪ ಬದಲಾಗುತ್ತದೆ. ಸ್ಪೈನಿನ ಅಗಲ ಬದಲಾಯಿತು ಅಂದರೆ ಇಡೀ ಮುಖಪುಟವನ್ನು ಮತ್ತೆ ಜೋಡಿಸಬೇಕು.

ಎಚ್ಚರಿಕೆ: ಗಿರಾಕಿಗೆ ಗಂಟೆಯ ದರ ಹೇಳಬೇಡಿ, ಅವರಾಗಿಯೇ ಗಂಟೆ ಲೆಕ್ಕ ಕೇಳದ ಹೊರತು. ಹೇಳಿದರೆ ಎರಡು ತೊಂದರೆ. ಅವರು ನಿಮ್ಮ ಗಂಟೆ ಎಣಿಸಲು ಶುರು ಮಾಡುತ್ತಾರೆ. ಕೈ ಪಳಗಿ ನೀವು ಬೇಗ ಮಾಡಿದಷ್ಟೂ ನಿಮಗೆ ಸಿಗುವುದು ಕಡಿಮೆಯಾಗುತ್ತದೆ. ಹತ್ತು ವರ್ಷ ಕಲಿತದ್ದರಿಂದ 8 ಗಂಟೆಯ ಚಿತ್ರ 5 ಗಂಟೆಗೆ ಬಂದರೆ ಆ ಲಾಭ ನಿಮ್ಮದಾಗಬೇಕು. ಹೊರಗೆ ಹೇಳುವುದು ಕೆಲಸದ ಒಟ್ಟು ಬೆಲೆ, ಗಂಟೆಯ ಲೆಕ್ಕ ನಿಮ್ಮ ನೋಟ್‌ಬುಕ್ಕಿಗೆ.

ಹಾಗೆಯೇ ನಾಳೆ ಬೆಳಗ್ಗೆಗೆ ಬೇಕು ಅನ್ನುವವರಿಗೆ ಬೇರೆ ಬೆಲೆ ಇಟ್ಟುಕೊಳ್ಳಿ. ನಾನು ಒಂದೂವರೆ ಪಟ್ಟು ಕೇಳುತ್ತೇನೆ.

6. ದುಡ್ಡು ಕಡಿಮೆ ಇದ್ದರೆ ಗಂಟೆ ಕಡಿಮೆ ಮಾಡಿ, ಗಂಟೆಯ ಬೆಲೆಯನ್ನಲ್ಲ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕನ್ನಡದ ಸಣ್ಣ ಪ್ರಕಾಶಕರು "ಮುಖಪುಟಕ್ಕೆ ಐದು ಸಾವಿರ ಇದೆ" ಅಂದಾಗ ಅವರು ನಿಮ್ಮನ್ನು ಕೀಳಾಗಿ ನೋಡುತ್ತಿದ್ದಾರೆ ಅಂತ ಅಲ್ಲ. ಸಾವಿರ ಪ್ರತಿ ಅಚ್ಚಾಗುವ, 200 ರೂಪಾಯಿ ಬೆಲೆಯ ಪುಸ್ತಕ, ಒಂದೂ ಬಿಡದೆ ಪೂರ್ತಿ ಬೆಲೆಗೆ ಮಾರಾಟವಾದರೂ ಬರುವುದು 2 ಲಕ್ಷ. ಅದರಲ್ಲೇ ಕಾಗದ, ಅಚ್ಚು, ಅಂಗಡಿಯವರ ಕಮಿಷನ್, ಲೇಖಕರ ಗೌರವಧನ, ಸಾಗಣೆ ಎಲ್ಲ ಆಗಬೇಕು. 16,900 ಅಂದರೆ ಪ್ರತಿ ಪುಸ್ತಕದ ಮೇಲೆ ಸುಮಾರು 17 ರೂಪಾಯಿ. ಅವರ ಕಷ್ಟ ನಿಜ. ನಿಮ್ಮ ಬಾಡಿಗೆಯೂ ನಿಜ.

26 ಗಂಟೆಯ ಕೆಲಸವನ್ನು 5,000ಕ್ಕೆ ಒಪ್ಪಿಕೊಂಡರೆ ಗಂಟೆಗೆ 192 ರೂಪಾಯಿ. ಅದರ ಬದಲು 8 ಗಂಟೆಯ ಕೆಲಸ ಒಪ್ಪಿಕೊಳ್ಳಿ, 5,200 ಆಗುತ್ತದೆ. ಹೀಗೆ ಹೇಳಬಹುದು: "ಈ ಬಜೆಟ್‌ಗೆ ಹೊಸ ಪೇಂಟಿಂಗ್ ಆಗುವುದಿಲ್ಲ ಸರ್. ಶೀರ್ಷಿಕೆಯ ಅಕ್ಷರವನ್ನೇ ದೊಡ್ಡದಾಗಿ ಬರೆದು, ಎರಡು ಬಣ್ಣದಲ್ಲಿ ಮುಖಪುಟ ಮಾಡಿಕೊಡುತ್ತೇನೆ. ಒಂದೇ ಕರಡು, ಒಂದೇ ಸಲ ಕರೆಕ್ಷನ್. ನೀವು ಪುಸ್ತಕದ ಸಾರಾಂಶ ಒಂದು ಪುಟದಲ್ಲಿ ಬರೆದು ಕಳಿಸಿ." ಕನ್ನಡದ ಅಕ್ಷರಗಳು ದುಂಡಗೆ ಎಷ್ಟು ಚೆಂದ ಇವೆ ಅಂದರೆ, ಬರೀ ಅಕ್ಷರದಲ್ಲೇ ಮಾಡಿದ ಮುಖಪುಟಗಳು ಚಿತ್ರ ಇರುವವಕ್ಕಿಂತ ಚೆನ್ನಾಗಿ ಬಂದದ್ದೂ ಇದೆ.

ಪ್ರೀತಿಗೆ ಮಾಡುವ ಕೆಲಸವೂ ಇರುತ್ತದೆ. ಇರಬೇಕು. ನಾನು ಸರ್ಕಾರಿ ಶಾಲೆಗಳ ಗೋಡೆಗೆ ಚಿತ್ರ ಬರೆಯಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೊಂದು ಮಿತಿ ಇಟ್ಟಿದ್ದೇನೆ, ವರ್ಷಕ್ಕೆ 30 ಗಂಟೆ. ಅದು ಮುಗಿದರೆ ಮುಂದಿನ ವರ್ಷ. ಬಿಲ್ ಮಾತ್ರ ಪೂರ್ತಿ ಬರೆಯಿರಿ: ಬೆಲೆ 16,900, ರಿಯಾಯಿತಿ 16,900, ಕೊಡಬೇಕಾದ್ದು ಸೊನ್ನೆ. ಆಗ ಪಡೆದವರಿಗೂ ಏನು ಸಿಕ್ಕಿತು ಅನ್ನುವುದು ತಿಳಿಯುತ್ತದೆ, ಮುಂದೆ ಯಾರಾದರೂ "ಅವರು ಫ್ರೀ ಮಾಡ್ತಾರೆ" ಅಂತ ಹೇಳಿಕೊಂಡು ಬರುವುದೂ ತಪ್ಪುತ್ತದೆ. ಚಿಕ್ಕಪ್ಪನ ಮಗಳ ಮದುವೆ ಕಾರ್ಡ್ ಬೇರೆ ವಿಷಯ. ಅದನ್ನು ಉಡುಗೊರೆ ಅಂತ ಕೊಟ್ಟುಬಿಡಿ, ಮತ್ತೆ ಮುಯ್ಯಿ ಬೇರೆ ಮಾಡಬೇಡಿ.

"ನಿಮ್ಮ ಹೆಸರು ಹಾಕ್ತೀವಿ" ಅನ್ನುವುದು ದುಡ್ಡಿನ ಬದಲಿಗೆ ಕೊಡುವ ವಸ್ತು ಅಲ್ಲ. ಚಿತ್ರ ಬಿಡಿಸಿದವರ ಹೆಸರು ಹಾಕುವುದು ಹೇಗಿದ್ದರೂ ಆಗಬೇಕಾದ ಕೆಲಸ. ಎಲ್ಲರೂ ಡಿಸೈನ್ ಕಳಿಸಿ, ಆಯ್ಕೆಯಾದವರಿಗೆ ಮಾತ್ರ ದುಡ್ಡು ಅನ್ನುವ ಕರೆಗಳಿಂದಲೂ ದೂರ ಇರಿ.

7. ಬಳಕೆಯ ಬೆಲೆ ಬೇರೆ

ತಳದ ಬೆಲೆ ನಿಮ್ಮ ಸಮಯದ್ದು. ಆ ಚಿತ್ರ ಎಲ್ಲಿ, ಎಷ್ಟು ಕಾಲ ದುಡಿಯುತ್ತದೆ ಅನ್ನುವುದಕ್ಕೆ ಇನ್ನೊಂದು ಬೆಲೆ ಇದೆ. ಒಂದೇ ಮಲ್ಲಿಗೆ ದಂಡೆಯ ಚಿತ್ರ, 10 ಗಂಟೆಯ ಕೆಲಸ. ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗೆ ಹೋದರೆ ಒಂದು ಸಂಜೆಗೆ ಅದರ ಆಯಸ್ಸು ಮುಗಿಯುತ್ತದೆ. ಅದೇ ಚಿತ್ರ ಮೈಸೂರಿನ ಊದುಬತ್ತಿ ಡಬ್ಬಿಯ ಮೇಲೆ ಬಂದರೆ ಹತ್ತು ವರ್ಷ ಲಕ್ಷಗಟ್ಟಲೆ ಡಬ್ಬಿ ಮಾರಿಸುತ್ತದೆ. ಎರಡಕ್ಕೂ 6,500 ತೆಗೆದುಕೊಳ್ಳುವುದು ಸರಿಯಲ್ಲ. ಆಹ್ವಾನ ಪತ್ರಿಕೆಗೆ ತಳದ ಬೆಲೆ ಸಾಕು. ಡಬ್ಬಿಗೆ ಎಷ್ಟು ವರ್ಷ, ಯಾವ ಯಾವ ಉತ್ಪನ್ನಕ್ಕೆ, ಯಾವ ರಾಜ್ಯಗಳಲ್ಲಿ, ರಫ್ತು ಇದೆಯಾ ಅಂತ ಕೇಳಿ, ಅದರ ಮೇಲೆ ಎರಡು ಪಟ್ಟೋ ಐದು ಪಟ್ಟೋ ನಿರ್ಧಾರ ಮಾಡಿ.

ಕಾನೂನು ಏನು ಹೇಳುತ್ತದೆ ಅನ್ನುವುದು ಗೊತ್ತಿರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿ ಹಾಕಿ ಆಗಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಇದು ನಮ್ಮ ಪರವಾಗಿದೆ. ಆದರೆ 17ನೇ ಕಲಂ ಓದಿದ ಮೇಲೆ ಎಚ್ಚರ ಇರಬೇಕು. ಬೇರೆಯವರು ಹೇಳಿ, ದುಡ್ಡು ಕೊಟ್ಟು ಮಾಡಿಸಿಕೊಂಡ ಫೋಟೊ, ಪೇಂಟಿಂಗ್, ಭಾವಚಿತ್ರಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರೇ ಮೊದಲ ಹಕ್ಕುದಾರರು. ಹಾಗಾಗಿ "ಹಕ್ಕು ಕಲಾವಿದರಲ್ಲೇ ಇರುತ್ತದೆ, ಈ ಚಿತ್ರವನ್ನು ಇಂಥದ್ದಕ್ಕೆ, ಇಷ್ಟು ವರ್ಷ ಬಳಸಬಹುದು" ಅನ್ನುವ ಎರಡು ಸಾಲು ಕೆಲಸ ಶುರುವಾಗುವ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಮುಗಿದ ಮೇಲೆ ಜಗಳಕ್ಕೆ ಬಂದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

8. ಕೊಟೇಶನ್ ಬರೆಯಿರಿ, ಅಡ್ವಾನ್ಸ್ ಪಡೆಯಿರಿ

ಅರ್ಧ ಪುಟ ಸಾಕು. ಏನು ಮಾಡಿಕೊಡುತ್ತೀರಿ, ಏನು ಇದರಲ್ಲಿ ಸೇರಿಲ್ಲ, ಎಷ್ಟು ಕರಡು, ಎಷ್ಟು ಸಲ ಕರೆಕ್ಷನ್, ಬಳಕೆ ಯಾವುದಕ್ಕೆ, ಒಟ್ಟು ಬೆಲೆ, ಅಡ್ವಾನ್ಸ್ ಎಷ್ಟು, ಕೊನೇ ದಿನಾಂಕ. ವಾಟ್ಸ್ಆ್ಯಪ್‌ನಲ್ಲಿ ಮಾತಾಗಿದ್ದರೂ ಒಂದು ಇಮೇಲ್ ಕಳಿಸಿ, "ಒಪ್ಪಿಗೆ" ಅಂತ ಒಂದು ಸಾಲಿನ ಉತ್ತರ ತರಿಸಿಕೊಳ್ಳಿ.

ಅಡ್ವಾನ್ಸ್ ಅರ್ಧ. ಹಳೆಯ ಗಿರಾಕಿಯಾದರೂ ಅರ್ಧ. ಅಡ್ವಾನ್ಸ್ ಬಂದ ಮೇಲೇ ಸ್ಕೆಚ್. ಕೆಲಸ ಮಧ್ಯದಲ್ಲಿ ನಿಂತರೆ ಏನು ಅನ್ನುವುದನ್ನೂ ಬರೆಯಿರಿ: ಸ್ಕೆಚ್ ಆದ ಮೇಲೆ ನಿಂತರೆ ಅಡ್ವಾನ್ಸ್ ವಾಪಸ್ ಇಲ್ಲ, ಅಂತಿಮ ಚಿತ್ರ ಆದ ಮೇಲೆ ನಿಂತರೆ ಪೂರ್ತಿ ಹಣ. ಪ್ರೆಸ್‌ಗೆ ಹೋಗುವ ದೊಡ್ಡ ಫೈಲನ್ನು ಬಾಕಿ ಹಣ ಬಂದ ಮೇಲೆ ಕಳಿಸಿ. ಅಲ್ಲಿಯವರೆಗೆ ತೋರಿಸಲು ಸಣ್ಣ ಸೈಜಿನದು ಸಾಕು.

ಕರೆಕ್ಷನ್‌ಗೆ ಮಿತಿ ಹಾಕದಿರುವುದು ಎಲ್ಲರೂ ಮಾಡುವ ತಪ್ಪು. "ಎರಡು ಸಲ ಸೇರಿದೆ, ಮೂರನೆಯದರಿಂದ ಪ್ರತಿ ಸಲಕ್ಕೆ ಇಷ್ಟು" ಅಂತ ಬರೆದರೆ ಸಾಕು. ಆಗ ಅವರೇ ಮನೆಯವರು, ಪಾರ್ಟ್‌ನರ್ ಎಲ್ಲರಿಗೂ ತೋರಿಸಿ, ಒಟ್ಟಿಗೆ ಪಟ್ಟಿ ಮಾಡಿ ಕಳಿಸುತ್ತಾರೆ.

9. ತೆರಿಗೆ: ತಿಳಿದಿರಬೇಕಾದಷ್ಟು

ಟಿಡಿಎಸ್ ಅಂದರೆ ದುಡ್ಡು ಕೊಡುವಾಗಲೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವುದು. ಕಂಪನಿಯೊಂದು ವೃತ್ತಿ ಶುಲ್ಕ ಅಂತ ವರ್ಷಕ್ಕೆ ನಿಮಗೆ 50,000ಕ್ಕಿಂತ ಹೆಚ್ಚು ಕೊಟ್ಟರೆ ನೂರಕ್ಕೆ 10 ಮುರಿಯುತ್ತದೆ. ಈ ಮಿತಿ 2025ರ ಏಪ್ರಿಲ್‌ವರೆಗೆ 30,000 ಇತ್ತು. ಹಾಗೆ ಮುರಿದದ್ದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಲೆಕ್ಕದಲ್ಲಿ ಜಮಾ ಆಗಿರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ನಮ್ಮ ಮಾದರಿಯ ಚಿತ್ರಕಾರ್ತಿಗೆ ಅದಕ್ಕೇ ನಾನು ತೆರಿಗೆ ಸೇರಿಸಲಿಲ್ಲ. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಮುರಿದ ಹಣ ವಾಪಸ್ ಬರುತ್ತದೆ. ಸಲ್ಲಿಸದೆ ಬಿಟ್ಟು ಎಷ್ಟೋ ಜನ ತಮ್ಮದೇ ದುಡ್ಡು ಕಳೆದುಕೊಳ್ಳುತ್ತಾರೆ.

ಜಿಎಸ್‌ಟಿ: ಕರ್ನಾಟಕದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಅಮೆರಿಕದ ಕನ್ನಡ ಕೂಟದವರಿಗೆ ಸ್ಮರಣ ಸಂಚಿಕೆ ಮಾಡಿಕೊಡುವಂಥ ಕೆಲಸ ಬಂದರೆ, ಹಣ ಬರುವ ದಾರಿಯ ಕಮಿಷನ್ ಯಾರ ಮೇಲೆ ಅನ್ನುವುದನ್ನು ಮೊದಲೇ ಮಾತಾಡಿ. ಡಾಲರ್ ಬದಲಾಯಿಸುವಾಗಲೂ ಒಂದಿಷ್ಟು ಮುರಿಯುತ್ತದೆ. ಉಳಿದದ್ದನ್ನು ಆಡಿಟರ್‌ಗೆ ಕೇಳಿ. 6,000 ಕೊಡುವುದೇ ಅದಕ್ಕೆ.

10. ದುಡ್ಡು ಬರದಿದ್ದರೆ

ಉದ್ಯಮ್ ನೋಂದಣಿ ಮಾಡಿಸಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಇದು. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಪೂರ್ತಿ ಉಚಿತ, ಶುಲ್ಕ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಒಬ್ಬರೇ ಕೂತು ಡಿಸೈನ್ ಮಾಡುವವರೂ ಸೇವಾ ಉದ್ಯಮ ಅಂತ ನೋಂದಾಯಿಸಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರಲಿ, ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿ.

ಇದರಿಂದ ಏನು ಲಾಭ? ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಇಂಥ ಉದ್ಯಮದ ಹಣವನ್ನು ಒಪ್ಪಂದದಲ್ಲಿ ಬರೆದ ದಿನದೊಳಗೆ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇನ್ನೊಂದು ಇದೆ. ಈ ಗಡುವು ಮೀರಿದರೆ ಕೊಡುವ ಕಂಪನಿ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲು ಆಗುವುದು ಹಣ ಕೊಟ್ಟ ವರ್ಷದಲ್ಲಿ ಮಾತ್ರ. ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟ್ಸ್ ವಿಭಾಗಕ್ಕೆ ಇದನ್ನು ನೆನಪಿಸಿದರೆ ಎಷ್ಟೋ ಹಳೆಯ ಬಿಲ್‌ಗಳು ಅಲುಗಾಡುತ್ತವೆ.

ಮೊದಲು ಫೋನ್ ಮಾಡಿ, ಆಮೇಲೆ ಇಮೇಲ್, ಆಮೇಲೆ ಕಾಯ್ದೆಯ ಹೆಸರು ಹಾಕಿದ ಇಮೇಲ್. ಕೊನೆಗೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು. ದುಡ್ಡು ಕೇಳುವುದಕ್ಕೆ ನಾಚಿಕೆ ಬೇಡ. ದುಡಿದದ್ದನ್ನು ಕೇಳುತ್ತಿದ್ದೀರಿ.

11. ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಲೆಕ್ಕ ಹಾಕಿ

ಬಾಡಿಗೆ ಏರಿರುತ್ತದೆ, ಫೀಸು ಏರಿರುತ್ತದೆ, ನಿಮ್ಮ ಕೈಯೂ ಪಳಗಿರುತ್ತದೆ. ಎರಡನೇ ಹಂತದಿಂದ ಮತ್ತೆ ಮಾಡಿ. ಕಳೆದ ವರ್ಷದ ಯಾವ ಕೆಲಸ ತಳದ ಬೆಲೆ ಮುಟ್ಟಲಿಲ್ಲ ಅಂತ ನೋಟ್‌ಬುಕ್ ನೋಡಿ ಗುರುತು ಹಾಕಿ. ಅಂಥ ಕೆಲಸಗಳೇ ಜಾಸ್ತಿ ಇದ್ದರೆ ಗಿರಾಕಿಯನ್ನೋ ಕೆಲಸದ ಬಗೆಯನ್ನೋ ಬದಲಾಯಿಸಬೇಕು.

ಹಳೆಯ ಗಿರಾಕಿಗಳಿಗೆ ಒಂದು ತಿಂಗಳು ಮೊದಲೇ ತಿಳಿಸಿ. ಕ್ಷಮೆ ಕೇಳಬೇಡಿ, ಉದ್ದುದ್ದ ಕಾರಣವೂ ಬೇಡ. ನಾನು ಕಳಿಸುವ ಮೆಸೇಜ್ ಇದು, ಬೇಕಾದರೆ ಹಾಗೇ ಬಳಸಿಕೊಳ್ಳಿ:

"ನಮಸ್ಕಾರ ಸರ್. ಮೇ 1ರಿಂದ ಮುಖಪುಟದ ಬೆಲೆ 16,900ರಿಂದ 18,200 ಆಗುತ್ತದೆ. ಈಗಾಗಲೇ ಒಪ್ಪಿಕೊಂಡಿರುವ ಎರಡು ಪುಸ್ತಕಗಳನ್ನು ಹಳೆಯ ಬೆಲೆಗೇ ಮಾಡಿಕೊಡುತ್ತೇನೆ. ಮುಂದಿನ ಪುಸ್ತಕಗಳ ಪಟ್ಟಿ ಸಿದ್ಧವಿದ್ದರೆ ಈ ತಿಂಗಳೊಳಗೆ ತಿಳಿಸಿ, ದಿನಾಂಕ ಕಾದಿರಿಸುತ್ತೇನೆ."